ಬೇರು ಕಿತ್ತ ಗುಂಡಿ

ಎದೆಬೇರಿನ ಗಿಡ ಇರುವ ಜಾಗವನ್ನು ಅರಣ್ಯ ಇಲಾಖೆಯವರಿಗೆ ತೋರಿಸಿಕೊಟ್ಟವಳು ಅವಳೇ. ಅವಳ ಅಮ್ಮ ಉಬ್ಬಸಕ್ಕೆ ಮದ್ದಾಗಿ ಕೊಡುತ್ತಿದ್ದ ಬೇರು ಅದು. ಉಳಿದ ಕಡೆಯೆಲ್ಲ ಮದ್ದಿನ ವ್ಯಾಪಾರಿಗಳು ಗುಡಿಸಿ ಗುಂಡಾಂತರ ಮಾಡಿದ್ದರು. ಇಲ್ಲಿ ಮಾತ್ರ ಹತ್ತೊಂಬತ್ತು ಗಿಡ ಇದ್ದವು. ಇಲಾಖೆ ಸುತ್ತ ತಂತಿ ಬಲೆ ಹಾಕಿಸಿ, ಬೀಗ ಜಡಿದು, ಕಾವಲಿನ ಕೆಲಸವನ್ನು ಅವಳಿಗೇ ಕೊಟ್ಟಿತು. ಹುಲ್ಲು ಕೀಳುವುದು ಬಿಟ್ಟರೆ ಒಳಗೆ ಯಾರೂ ಮಣ್ಣು ಮುಟ್ಟಕೂಡದು ಎಂದು ಕಟ್ಟಪ್ಪಣೆ.

ಮೂರು ವರ್ಷದಲ್ಲಿ ಹತ್ತೊಂಬತ್ತು ಹೋಗಿ ಹನ್ನೊಂದಾಯಿತು. ಹಳೆಯವು ಒಣಗಿದವು, ಮರಿ ಒಂದೂ ಹುಟ್ಟಲಿಲ್ಲ.

"ಹೇಗೆ ಹುಟ್ಟುತ್ತೆ?" ಎಂದು ಅಮ್ಮ ಬಲೆಯಾಚೆಯಿಂದ ರೇಗಿದಳು. "ನಾನು ಒಂದೇ ಮಗ್ಗುಲಿನ ಬೇರು ತೆಗೀತಿದ್ದೆ. ಆ ಗುಂಡಿಗೇ ಬೀಜ ಉದುರಿಸಿ ಸಡಿಲ ಮಣ್ಣು ಮುಚ್ತಿದ್ದೆ. ಈ ಕಲ್ಲಿನಂಥ ನೆಲದ ಮೇಲೆ ಬಿದ್ದ ಬೀಜ ಏನು, ತಲೆ ಚಚ್ಕೋಬೇಕಾ?"

ಅವಳು ಹೋಗಿ ಇಲಾಖೆಯ ಸಾಹೇಬರಿಗೆ ಅಮ್ಮ ಅಂದದ್ದನ್ನು ಹೇಳಿದಳು. ಅವರು ನಕ್ಕರು. "ನಿಮ್ಮಮ್ಮನಿಗೆ ಬೇರು ಬೇಕು ಅಂತ ನೇರವಾಗಿ ಹೇಳಮ್ಮ."

ಅವಳಿಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದರೆ ಗಿಡ ಹೋಗುತ್ತದೆ, ಮುಟ್ಟಿದರೆ ಕೆಲಸ ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬೀಜ ಮಾಗಿದ ವಾರ, ಒಂದು ಬೆಳಗ್ಗೆ, ಗಟ್ಟಿ ಮನಸ್ಸು ಮಾಡಿ ಒಂದು ಗಿಡದ ಬುಡ ಅಗೆದೇಬಿಟ್ಟಳು. ಅಮ್ಮ ಕಲಿಸಿದಂತೆ ಒಂದು ಮಗ್ಗುಲಿನ ಬೇರು ತೆಗೆದು, ಗುಂಡಿಗೆ ಬೀಜ ಉದುರಿಸಿ, ಮಣ್ಣು ಮುಚ್ಚಿ ಎದ್ದರೆ ಬಾಗಿಲಲ್ಲಿ ಸಾಹೇಬರು. ಅವರ ಕಣ್ಣಿಗೆ ಬಿದ್ದದ್ದು ಅವಳ ಕೈಯಲ್ಲಿದ್ದ ಬೆರಳುದ್ದದ ಬೇರು ಮಾತ್ರ.

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲಮ್ಮ!" ಎಂದು ಬೀಗದ ಕೈಗಾಗಿ ಕೈ ಚಾಚಿದರು. ಅವಳು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಿಂಗಳು ಕಳೆದ ಮೇಲೆ ಅವಳು ಹೊರಗಿನಿಂದ ಬಲೆಗೆ ಮುಖ ಒತ್ತಿ ನೋಡಿದಳು. ಆ ಗುಂಡಿಯಿದ್ದ ಜಾಗದಲ್ಲಿ ಎರಡೆರಡು ಎಲೆಯ ಮೂರು ಮೊಳಕೆ! ಖುಷಿಯಿಂದ ಮತ್ತೆ ಮತ್ತೆ ಎಣಿಸಿದಳು. ಅಷ್ಟರಲ್ಲಿ ಹೊಸ ಕಾವಲುಗಾರ ಹುಲ್ಲು ಕೀಳುತ್ತ ಅತ್ತಲೇ ಬಂದ.

"ಅಣ್ಣಾ, ಅದು ಹುಲ್ಲಲ್ಲ! ಎದೆಬೇರಿನ ಮರಿ ಅದು! ನಿನ್ನ ದಮ್ಮಯ್ಯ, ಬಿಡು!"

ಅವನು ತಲೆಯೆತ್ತಿ ಗುರುತು ಹಿಡಿದ. "ಓ, ನೀನಾ? ನಿನ್ನ ಮಾತು ಕೇಳ್ಬೇಡ ಅಂದಿದಾರೆ ಸಾಹೇಬ್ರು," ಎಂದು ಮೂರನ್ನೂ ಒಂದೇ ಹಿಡಿಯಲ್ಲಿ ಕಿತ್ತು ಬುಟ್ಟಿಗೆ ಹಾಕಿದ.

ತಂತಿ ಬಲೆಯ ಕಣ್ಣಲ್ಲಿ ಅವಳ ಬೆರಳಷ್ಟೇ ತೂರುತ್ತಿತ್ತು, ಕೈ ತೂರುತ್ತಿರಲಿಲ್ಲ. ಆ ತಂತಿಯನ್ನು ಅಲ್ಲಿಗೆ ಬರಮಾಡಿಕೊಂಡವಳೂ ಅವಳೇ.