ಮಸಿಯ ಮೇಲಿನ ಗುರುತು

ದಾಬಸ್‌ಪೇಟೆಯ ಹಳೇ ರಸ್ತೆಯ ಪಕ್ಕ ಮೆಕ್ಯಾನಿಕ್ ಗೋಪಾಲಪ್ಪನ ತಗಡಿನ ಶೆಡ್ಡು. ಅದರೊಳಗೆ ನರಸಿಂಹಯ್ಯನ ವ್ಯಾನು ಬಾಯಿ ತೆರೆದುಕೊಂಡು ನಿಂತಿತ್ತು. ಯಾರೂ ಕರೆಯದಿದ್ದರೂ ಕೊಂಡಪ್ಪ ಬಂದಿದ್ದ. ಇಂಜಿನ್ನು ಕೆಟ್ಟದ್ದು ತನ್ನ ಕೈಯಿಂದಲೋ ಅಲ್ಲವೋ ಅವನಿಗೆ ತಿಳಿಯಬೇಕಿತ್ತು.

ಆದದ್ದಿಷ್ಟೆ. ನರಸಿಂಹಯ್ಯನ ಹೆಂಡತಿ ಮುನಿವೆಂಕಟಮ್ಮನಿಗೆ ಕಿಡ್ನಿ ಸೋತಿದೆ. ಡಯಾಲಿಸಿಸ್‌ಗೆ ಆಕೆಯನ್ನು ನೆಲಮಂಗಲಕ್ಕೆ ಒಯ್ಯುತ್ತಿದ್ದದ್ದು ಈ ವ್ಯಾನೇ. ಕಳೆದ ವಾರ ಆಕೆಯನ್ನು ಕೂರಿಸಿಕೊಂಡು ಹೊರಟದ್ದು ಊರು ದಾಟುವ ಮೊದಲೇ ಕೆಮ್ಮಿ ನಿಂತಿತು. ಬ್ಯಾಟರಿ ಮೊದಲೇ ಮುದಿ. ಎದುರುಮನೆಯ ಕೊಂಡಪ್ಪ ಓಡಿಬಂದು ಹೆಗಲು ಕೊಟ್ಟು ತಳ್ಳಿದ. ಒಳಗೇನೋ ಟಕ್ಕೆಂದಿತು. ಆಮೇಲೆ ಇಂಜಿನ್ನು ಉಸಿರೆತ್ತಲಿಲ್ಲ. ಈಗ ಆಕೆ ಎರಡು ಬಸ್ಸು ಬದಲಿಸಿ ಹೋಗಿಬರುತ್ತಾಳೆ. ನರಸಿಂಹಯ್ಯನ ತಮ್ಮ ಮುನೀಂದ್ರ ಹಾಲಿನ ಡೇರಿಯ ಮುಂದೆ ನಿಂತು, "ಕೊಂಡಣ್ಣನ ಪೈಲ್ವಾನಿಕೆ ನಮ್ಮತ್ತಿಗೆ ಗಾಡೀನ ತಿಂದ್ಬಿಡ್ತು" ಎಂದು ಆಡಿದ್ದ. ಅದು ಕಿವಿಗೆ ಬಿದ್ದರೂ ನರಸಿಂಹಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಶೆಡ್ಡಿಗೂ ಅಣ್ಣನ ಜೊತೆ ಮುನೀಂದ್ರ ಬಂದಿದ್ದ. "ಏನ್ ಕೊಂಡಣ್ಣ, ಇನ್ನೊಂದ್ಸಲ ಕೈ ಹಾಕೋಣ ಅಂತ ಬಂದ್ಯಾ?"

"ನೋಡೋಣ ಅಂತ ಬಂದೆ ಕಣಪ್ಪ," ಎಂದ ಕೊಂಡಪ್ಪ.

ಗೋಪಾಲಪ್ಪ ತಲೆಯೆತ್ತದೆ ಕೇಳಿದ. "ನರಸಿಂಹಯ್ಯ, ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಸರಪಳಿ ಎಳ್ದಂಗೆ ಸದ್ದು ಬರ್ತಿತ್ತಾ?"

"ಯುಗಾದಿಗಿಂತ ಮುಂಚಿಂದ ಬರ್ತಿತ್ತು. ಬಿಸಿ ಆದ್ಮೇಲೆ ಸುಮ್ಮನಾಗ್ತಿತ್ತು."

"ಸುಮ್ಮನಾಗಿದ್ದಕ್ಕೆ ವಾಸಿ ಆಯ್ತು ಅಂದ್ಕೊಂಡ್ಬಿಟ್ಟೆ ನೀನು," ಎಂದ ಗೋಪಾಲಪ್ಪ.

ಮುಂದಿನ ಮುಚ್ಚಳ ಬಿಚ್ಚಿದಾಗ ಟೈಮಿಂಗ್ ಚೈನು ಮುದಿ ಎತ್ತಿನ ಕೊರಳಿನ ಗಂಗೆದೊಗಲಿನಂತೆ ಜೋತುಬಿತ್ತು. ಅದು ಉಜ್ಜಿ ಉಜ್ಜಿ ಮುಚ್ಚಳದ ಒಳಮೈಯಲ್ಲಿ ಗೀರು ಕೊರೆದಿತ್ತು. ಚೈನನ್ನು ಬಿಗಿಯಾಗಿ ಹಿಡಿದಿರಬೇಕಾದ ಪಟ್ಟಿ ಚೂರುಚೂರಾಗಿ ಆಯಿಲಿನ ತಳದಲ್ಲಿ ಬಿದ್ದಿತ್ತು.

"ಪಿಸ್ಟನ್ ಮೇಲಕ್ಕೆ ಬರೋ ಹೊತ್ಗೆ ವಾಲ್ವು ಮುಚ್ಕೊಂಡು ದಾರಿ ಬಿಡ್ಬೇಕು. ಆ ಹೊತ್ತು ಕಾಯೋದು ಈ ಚೈನು. ಸಡಿಲ ಆಗಿ ಚಕ್ರದ ಹಲ್ಲು ದಾಟ್ಬಿಟ್ಟಿದೆ. ಅದಕ್ಕೇ ಗಾಡಿ ನಿಂತಿದ್ದು."

"ಹಂಗಾದ್ರೆ ತಳ್ಳಿದ್ದಕ್ಕಲ್ವಾ?" ಮುನೀಂದ್ರನ ದನಿ ತಗ್ಗಿತು.

"ಇರು."

ಇಂಜಿನ್ನಿನ ತಲೆ ಕಳಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಪಿಸ್ಟನ್‌ಗಳ ಮೇಲೆ ಕಪ್ಪು ಮಸಿ. ಆ ಮಸಿಯನ್ನು ಕೆತ್ತಿಕೊಂಡು ಉಗುರಿನಷ್ಟಗಲದ ಬಿಳಿ ಗುರುತುಗಳು. ಗೋಪಾಲಪ್ಪ ಅವುಗಳ ಮೇಲೆ ಬೆರಳಾಡಿಸಿದ.

"ವಾಲ್ವು ಬಡಿದಿರೋ ಗಾಯ ಇದು. ಬಡಿದ್ಮೇಲೆ ಇಂಜಿನ್ ಉರಿದಿದ್ರೆ ಮಸಿ ಕೂತಿರೋದು. ಕೂತಿಲ್ಲ, ಫಳಫಳ ಅಂತದೆ. ಅಂದ್ರೆ ನಿಂತ ಮೇಲೆ ಆಗಿದ್ದು. ತಳ್ಳಿದಾಗ ಗಾಲಿ ಇಂಜಿನ್ನನ್ನ ತಿರುಗ್ಸಿ, ಪಿಸ್ಟನ್ ಹೋಗಿ ತೆರೆದಿದ್ದ ವಾಲ್ವಿಗೆ ಬಡಿದಿದೆ. ಸುಮ್ನೆ ಬಿಟ್ಟಿದ್ರೆ ಚೈನಿನ ಕೆಲಸದಲ್ಲಿ ಮುಗೀತಿತ್ತು. ವಾಲ್ವು ಬಾಗಿದ್ದು ತಳ್ಳಿದ್ದಕ್ಕೇನೆ, ಕೊಂಡಪ್ಪ. ಸುಳ್ಳು ಹೇಳಲಾರೆ."

ಕೊಂಡಪ್ಪ ತಲೆದೂಗಿದ. ಮೊದಲ ಸಲ ಟಕ್ಕೆಂದಾಗಲೇ ಆ ಪೆಟ್ಟು ಅವನ ಹೆಗಲಿಗೆ ತಾಕಿತ್ತು. 'ಸಾಕು, ನಿಲ್ಸಣ್ಣ' ಎಂದು ಕೂಗಿಯೂ ಇದ್ದ. 'ಇನ್ನೊಂದು ಸಲ ತಳ್ಳೋ' ಎಂದಿತ್ತು ಡ್ರೈವರ್ ಸೀಟಿನಿಂದ ಬಂದ ದನಿ. ಹಿಂದಿನ ಸೀಟಿನಲ್ಲಿ ಮುಖ ಊದಿಕೊಂಡ ಮುನಿವೆಂಕಟಮ್ಮ ಸೆರಗು ಕಚ್ಚಿಕೊಂಡು ಕೂತಿದ್ದಳು. ಅಂಥ ಹೊತ್ತಿನಲ್ಲಿ ಆಡಿದ ಮಾತನ್ನು ಹಿಡಿದು ಹೊರಗೆ ಎಳೆದಾಡುವುದು ಅವನಿಗೆ ಸರಿಕಾಣದೆ, ಯಾರೊಂದಿಗೂ ಹೇಳಿರಲಿಲ್ಲ.

"ಸರಿ ಗೋಪಾಲಪ್ಪ, ತಿಳೀತು," ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ.

"ನಿಂತ್ಕೊಳ್ಳೋ." ನರಸಿಂಹಯ್ಯ ತಮ್ಮನ ಕಡೆ ತಿರುಗಿದ. "ಲೇ ಮುನೀಂದ್ರ, ಗೇರು ಹಾಕಿ ಕ್ಲಚ್ ಬಿಟ್ಟೋನು ನಾನು. ಇವನು ಸಾಕು ಅಂದ. ನಾನೇ ಇನ್ನೊಂದ್ಸಲ ಅಂದೆ. ನೀನು ಡೇರಿ ಹತ್ರ ಆಡ್ತಿದ್ದಾಗ ನಾನು ಬಾಯಿ ಬಿಡ್ಲಿಲ್ಲ."

ಮುನೀಂದ್ರ ನೆಲ ನೋಡಿದ. ಕೊಂಡಪ್ಪ ಮಾತ್ರ ಹಗುರಾದವನಂತೆ ಕಾಣಲಿಲ್ಲ.

"ನೀನು ಕ್ಲಚ್ ಬಿಟ್ಟೆ, ನಾನು ತಳ್ಳಿದೆ. ಇಬ್ರೂ ಸೇರಿ ಕೆಡಿಸಿದೀವಿ ಬಿಡು."

"ನಾಳೆ ಡಯಾಲಿಸಿಸ್ ಅದೆ," ಎಂದ ನರಸಿಂಹಯ್ಯ. "ಬಸ್ಸಿನ ಮೆಟ್ಲು ಎತ್ತರ. ನನ್ನೊಬ್ಬನ ಕೈಲಿ ಅವಳನ್ನ ಹತ್ಸಕ್ಕಾಗಲ್ಲ."

"ಮೊದಲ ಬಸ್ಸಿಗಾ?" ಎಂದ ಕೊಂಡಪ್ಪ.

"ಹೂಂ, ಮೊದಲನೇದಕ್ಕೆ."