ಸೊಸೆ ಸೊರಗಿದ ಮನೆ

ಬಂಗಾರಪೇಟೆಯ ಛತ್ರದಲ್ಲಿ ಪಾಪಕ್ಕನ ತಂಗಿಯ ಮೊಮ್ಮಗುವಿಗೆ ನಾಮಕರಣ. ಊಟದ ಸಾಲಿನಲ್ಲಿ ಪಾಪಕ್ಕ, ಪಕ್ಕದಲ್ಲಿ ಅವಳ ಸೊಸೆ ಸುಮಲತ, ಎದುರು ಸಾಲಿನಲ್ಲಿ ಸುಮಲತಳ ಗಂಡ ನರೇಶ. ಬಡಿಸುವವನು ಎರಡನೇ ಸುತ್ತಿಗೆ ಒಬ್ಬಟ್ಟು ತಂದ. ಸುಮಲತ ಬೇಕು ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅಷ್ಟರಲ್ಲಿ ಪಾಪಕ್ಕ ಸೊಸೆಯ ಎಲೆಗೆ ಅಡ್ಡವಾಗಿ ಕೈ ಚಾಚಿದಳು.

"ಅವಳಿಗೆ ಬ್ಯಾಡ ಬಿಡಪ್ಪ," ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿದಳು. "ತಿಂಗ್ಳ ದಿನಸಿ ಅರ್ಧ ತಿಂಗ್ಳಿಗೇ ಮುಗ್ದೋಯ್ತದಲ್ಲ, ಎಲ್ಲಿಗೋಯ್ತದೆ ಅಂತ ನಮ್ಮೆಜಮಾನ್ರು ತಲೆ ಕೆಡಿಸ್ಕಂಡವ್ರೆ. ನೋಡ್ರಿ, ಇಲ್ಲಿಗೋಯ್ತದೆ." ಹಾಗೆಂದು ಸೊಸೆಯ ತೋಳಿನ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದಳು.

ಸಾಲು ನಕ್ಕಿತು. ಪಾಪಕ್ಕನ ತಂಗಿಯಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದುರಿಗೆ ನರೇಶ ಕೂಡ ತಲೆ ತಗ್ಗಿಸಿಕೊಂಡು, ಸಾರನ್ನ ಕಲಸುತ್ತ, ಮೀಸೆಯ ಕೆಳಗೆ ನಕ್ಕ. ಸುಮಲತ ಅದನ್ನೂ ನೋಡಿದಳು.

ಬೈದರೆ ಮರೆಯಬಹುದು, ಹೊಡೆದರೂ ಕಾಲ ಕಳೆದಂತೆ ಮರೆತುಹೋಗಬಹುದು. ಎಲೆ ಮುಂದೆ ಕೂರಿಸಿ ಆಡಿದ ಮಾತನ್ನು ಉಪ್ಪು ಖಾರ ತಿನ್ನುವ ಹೆಣ್ಣು ಯಾರೂ ಮರೆಯುವುದಿಲ್ಲ. ಊರಿಗೆ ವಾಪಸ್ಸು ಹೊರಟ ಕ್ಯಾಸಂಬಳ್ಳಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ಸುಮಲತ ಒಂದೇ ಒಂದನ್ನು ಬಯಸಿದಳು. ಯಾವ ಜನರ ಮುಂದೆ ಅತ್ತೆ ತನ್ನ ಮಾನ ಕಳೆದಳೋ ಅದೇ ಜನರ ಮುಂದೆ ಅತ್ತೆಯ ಮಾನ ಹೋಗಬೇಕು. ಅದೂ ಅನ್ನದ ವಿಷಯಕ್ಕೇ ಹೋಗಬೇಕು.

ಮೊದಲು ಅವಳು ಹಾಕಿದ ಲೆಕ್ಕ ಸರಳವಾಗಿತ್ತು. ನಾನು ಮೈ ಇಳಿಸುತ್ತೇನೆ, ಆಮೇಲೂ ದಿನಸಿ ಮುಗಿದರೆ ತಿಂದವರು ಯಾರು ಅಂತ ಜನಕ್ಕೆ ಗೊತ್ತಾಗಲಿ. ಎರಡನೇ ಹೆರಿಗೆಯಾದ ಮೇಲೆ ಅವಳು ದಪ್ಪ ಆಗಿದ್ದು ಸುಳ್ಳಲ್ಲ. ಆಸ್ಪತ್ರೆಯ ನರ್ಸಮ್ಮ ಬಿ.ಪಿ. ನೋಡಿ, ಅನ್ನ ಕಮ್ಮಿ ಮಾಡಿ, ಸೊಪ್ಪು ಕಾಳು ಜಾಸ್ತಿ ತಿನ್ನಿ ಅಂತ ಎಚ್ಚರಿಸಿಯೂ ಇದ್ದರು. ಫೋನಿನಲ್ಲಿ ನೋಡಿದರೆ ಓಟ್ಸು, ಬಾದಾಮಿ, ಸೇಬು ಅಂತ ಯಾರ್‍ಯಾರೋ ಚಂದದ ಹೆಂಗಸರು ಹೇಳುತ್ತಿದ್ದರು. ಆ ಮನೆಯಲ್ಲಿ ದಿನಸಿ ದುಡ್ಡು ಪಾಪಕ್ಕನ ಎಲೆಅಡಿಕೆ ಚೀಲದಲ್ಲಿ, ಚೀಲ ಪಾಪಕ್ಕನ ಸೊಂಟದಲ್ಲಿ. ನರೇಶ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಟೈಲ್ಸ್ ಅಂಗಡಿಗೆ ಹೋಗಿ ದುಡಿದದ್ದೂ ಅದೇ ಚೀಲಕ್ಕೆ ಹೋಗುತ್ತಿತ್ತು. ಅದರೊಳಗಿಂದ ಬಾದಾಮಿ ಹುಟ್ಟುವುದುಂಟೇ?

ಆದರೆ ಮುಂಗಾರು ಹನಿದಿತ್ತು, ಹೊಲದ ಬದುವಿನಲ್ಲಿ ಸೊಪ್ಪು ಎದ್ದಿತ್ತು. ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆ, ಹೊನಗೊನೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಮಡಿಲು ತುಂಬಿದರೆ ಬೆರಕೆ ಸೊಪ್ಪು, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಹುರುಳಿ ಮನೆಯದೇ ಇತ್ತು, ಹಸುವಿಗೆ ಹಾಕಲು ಇಟ್ಟಿದ್ದು. ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು, ಬೆಳ್ಳುಳ್ಳಿ ಮೆಣಸಿನಕಾಯಿ ಅರೆದು ಹಾಕಿದರೆ ಬಸ್ಸಾರು. ಬಸಿದ ಮೇಲೆ ಉಳಿದ ಸೊಪ್ಪುಕಾಳಿಗೆ ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಸುಮಲತ ತಟ್ಟೆಯ ತುಂಬ ಪಲ್ಯ ಹಾಕಿಕೊಂಡು ನಡುವೆ ನಿಂಬೆ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಮುದ್ದೆ ಇಟ್ಟುಕೊಳ್ಳತೊಡಗಿದಳು. ಅನ್ನ ಬಿಟ್ಟಳು, ಟೀಗೆ ಸಕ್ಕರೆ ಬಿಟ್ಟಳು, ಪಕ್ಕದ ಕ್ಯಾಸಂಬಳ್ಳಿಗೆ ಆಟೋ ಬಿಟ್ಟು ನಡೆದೇ ಹೋದಳು. ಹಸಿವಾದಾಗಲೆಲ್ಲ ಆ ಎರಡು ಬೆರಳು ನೆನಪಿಗೆ ಬರುತ್ತಿದ್ದವು. ಲೋಕದಲ್ಲಿ ಸಿಟ್ಟಿನಷ್ಟು ಅಗ್ಗದ ಪಥ್ಯ ಬೇರೊಂದಿಲ್ಲ.

ಗೌರಿಹಬ್ಬ ಕಳೆಯುವಷ್ಟರಲ್ಲಿ ಅವಳ ರವಿಕೆಗಳು ಸಡಿಲವಾದವು. ದಿನಸಿಯೂ ಉಳಿಯಿತು. ಅಲ್ಲಿಗೆ ಲೆಕ್ಕ ತಲೆಕೆಳಗಾಯಿತು. ಪಾಪಕ್ಕ ಬೀದಿಯಲ್ಲಿ ನಿಂತು, "ನಾನು ಅವತ್ತು ನಾಕು ಜನರ ಮುಂದೆ ಅಂದಿದ್ಕೇ ಇವಳಿಗೆ ಬುದ್ಧಿ ಬಂದದ್ದು. ಈಗ ನೋಡು, ಅಕ್ಕಿ ಮೂಟೆ ಅಂಗೇ ಐತೆ," ಎಂದು ಹೇಳಿಕೊಂಡು ತಿರುಗಿದಳು. ಸುಮಲತಳಿಗೆ ಮೈಯೆಲ್ಲ ಉರಿದುಹೋಯಿತು. ಉಪವಾಸದಂತೆ ಉಂಡವಳು ತಾನು, ಹೊಗಳಿಕೆ ಅತ್ತೆಗೆ.

ದಾರಿ ತೋರಿಸಿದ್ದು ಹಾಲಿನ ಡೈರಿ. ಒಂದು ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಹಿಂದಿನ ಬೀದಿಯ ರಾಧ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಸುಮಿ, ಇಂಗೆ ಸೊರಗೋಗಿದೀಯ? ಉಷಾರಿಲ್ವಾ?"

"ಉಷಾರಾಗೇ ಇದೀನಕ್ಕ."

"ಮತ್ತೆ? ಮನೇಲಿ ಊಟಗೀಟ ಸರ್‍ಯಾಗಿ ಇಕ್ತಾರಾ?"

ನಾನೇ ಇಳಿಸಿದ್ದು ಅಂತ ಹೆಮ್ಮೆಯಿಂದ ಹೇಳಲು ಹೊರಟ ಸುಮಲತ ಬಾಯಿ ಮುಚ್ಚಿದಳು. ಬೆಂಗಳೂರಿನಲ್ಲಿ ಹೆಂಗಸು ತೆಳ್ಳಗಾದರೆ ಹೇಗೆ ಆದೆ ಅಂತ ಕೇಳುತ್ತಾರಂತೆ. ಈ ಊರಿನಲ್ಲಿ ಕೇಳುವುದು ಅತ್ತೆ ಅನ್ನ ಇಕ್ಕುತ್ತಾಳಾ ಅಂತ. ಇಷ್ಟು ದಿನ ಇದು ತನಗೇಕೆ ಹೊಳೆಯಲಿಲ್ಲ ಎಂದುಕೊಂಡಳು.

"ಅತ್ತೆ ತಂದಾಕ್ತಾರಕ್ಕ," ಎಂದಳು ನಿಧಾನವಾಗಿ, ನೆಲ ನೋಡುತ್ತ. "ನಾನೇ ಕಮ್ಮಿ ಉಣ್ತೀನಿ."

ಒಂದಕ್ಷರ ಸುಳ್ಳಿಲ್ಲ. ಕಣ್ಣು ಕೆಳಗಿದ್ದವು, ಅಷ್ಟೆ. ಅಂದಿನಿಂದ ಅವಳು ಯಾವ ರವಿಕೆಯನ್ನೂ ಹೊಲಿಗೆ ಹಾಕಿ ಹಿಡಿಸಲು ಹೋಗಲಿಲ್ಲ. ಭುಜದಿಂದ ಜಾರುವ ತೋಳಿಗೆ ಪಿನ್ನು ಚುಚ್ಚಿಕೊಂಡೇ ಡೈರಿಗೆ, ಅಂಗಡಿಗೆ, ಬಂಗಾರಪೇಟೆ ಸಂತೆಗೆ ಹೋದಳು. ಕೇಳಿದವರಿಗೆಲ್ಲ ಅದೇ ಉತ್ತರ, ಅದೇ ನೆಲ ನೋಡುವುದು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಮಾತು ಡೈರಿಯಲ್ಲಿ ಹುಟ್ಟಿ, ಬಸ್ಸು ಹತ್ತಿ, ದೀಪಾವಳಿಯ ಹೊತ್ತಿಗೆ ಬಂಗಾರಪೇಟೆಯ ತಂಗಿಯ ಮನೆಗೂ ಮುಟ್ಟಿತು. ಪಾಪಕ್ಕ ಅಕ್ಕಿ ಮೂಟೆಗೆ ಬೀಗ ಹಾಕಿದ್ದಾಳಂತೆ, ಸೊಸೆಗೆ ಹಸುವಿನ ಹುರುಳಿ ಬೇಯಿಸಿ ಹಾಕುತ್ತಾಳಂತೆ. ಅಕ್ಕಿ ಮೂಟೆ ಹಾಗೇ ಇದೆ ಅಂತ ಬೀದಿಗೆಲ್ಲ ಸಾರಿದ್ದು ಪಾಪಕ್ಕನೇ ಅಲ್ಲವೇ?

ಸುದ್ದಿ ಕಿವಿಗೆ ಬಿದ್ದಾಗ ಪಾಪಕ್ಕ ಕೆಂಡವಾದಳು. "ಕೇಳ್ದೋರಿಗೆ ಡಯಟ್ಟು ಅಂತ ಏಳೇ, ನಿಂಗೇನು ಬಾಯಿಲ್ವಾ?"

"ಏಳ್ತೀನತ್ತೆ. ಯಾರೂ ನಂಬಲ್ಲ."

ಅದೂ ನಿಜವೇ. ಮುಂದಿಟ್ಟ ಅನ್ನವನ್ನು ಬೇಕೆಂದೇ ಬಿಡುವ ಹೆಣ್ಣನ್ನು ಆ ಊರು ಕಂಡಿರಲಿಲ್ಲ.

ಇಂಥ ಹೊತ್ತಿನಲ್ಲೇ ಪಾಪಕ್ಕನ ಕಿರಿಯ ಮಗ ಗೋಪಿಗೆ ಸಂಬಂಧ ಕೂಡಿಬಂತು. ಗೋಪಿ ಕೆ.ಜಿ.ಎಫ್‌.ನಲ್ಲಿ, ಕೋರಮಂಡಲ್ ಕಡೆ ಹೋಗುವ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ. ಹುಡುಗಿ ಲಿಖಿತ ಬಂಗಾರಪೇಟೆಯ ಆಚೆಯವಳು. ಇಬ್ಬರೂ ಒಪ್ಪಿದ್ದರು, ಫೋನಿನಲ್ಲಿ ಮಾತೂ ನಡೆದಿತ್ತು. ಉಳಿದದ್ದು ಹುಡುಗಿ ಕಡೆಯವರು ಬಂದು ಮನೆ ನೋಡಿ ಹೋಗುವುದು. ಬರುವವರಲ್ಲಿ ದೊಡ್ಡವಳು ಹುಡುಗಿಯ ಅಜ್ಜಿ ವೆಂಕಟರತ್ನಮ್ಮ. ಆಕೆ ಹೂಂ ಅಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಮಧ್ಯಸ್ಥರು ಮೊದಲೇ ಹೇಳಿದ್ದರು.

ಪಾಪಕ್ಕನಿಗೆ ರಾತ್ರಿ ನಿದ್ದೆ ಹತ್ತದಾಯಿತು. ಅಂಗಡಿಯಿಂದ ರವಿಕೆ ಬಟ್ಟೆ ತಂದು ಸೊಸೆಯ ಮುಂದಿಟ್ಟಳು. "ಯಾಕತ್ತೆ ದಂಡದ ಖರ್ಚು, ಇರೋದು ಎಷ್ಟೋ ಅವೆ," ಎಂದಳು ಸುಮಲತ. ಅತ್ತೆ ಎರಡು ಹೊತ್ತೂ ಅನ್ನ ಬಡಿಸಿ ತುಪ್ಪ ಸುರಿದಳು. "ಈಗ ಒಟ್ಟೆ ಇಡಿಯಲ್ಲತ್ತೆ," ಎಂದು ಸುಮಲತ ತಟ್ಟೆ ಸರಿಸಿದಳು. ಪಾಪಕ್ಕ ತಟ್ಟೆಯನ್ನೂ ಸೊಸೆಯನ್ನೂ ನೋಡುತ್ತ ಕೂತಳು. ಆ ನೋಟ ಕಂಡು ಸುಮಲತಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಪಾಪ ಅನಿಸಲಿಲ್ಲವೇ ಅಂದರೆ, ಇಲ್ಲ, ಅನಿಸಲಿಲ್ಲ.

ಭಾನುವಾರ ವ್ಯಾನು ತುಂಬ ಜನ ಬಂದರು. ಪಾಪಕ್ಕನ ತಂಗಿಯೂ, ಛತ್ರದಲ್ಲಿ ಅದೇ ಸಾಲಿನಲ್ಲಿ ಕೂತು ನಕ್ಕವರಲ್ಲಿ ಇನ್ನಿಬ್ಬರೂ ಇದ್ದರು. ಮಾವ ದೊಡ್ಡವೆಂಕಟಪ್ಪ ಗಂಡಸರಿಗೆ ಹಸು, ಬೋರು, ರಾಗಿ ಹೊಲ ತೋರಿಸಲು ಕರೆದುಕೊಂಡು ಹೋದರು. ವೆಂಕಟರತ್ನಮ್ಮ ಅದೊಂದನ್ನೂ ನೋಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಬಂದು, ಒರಳುಕಲ್ಲಿನ ಮೇಲೆ ಕೂತು, ಸುಮಲತಳ ಮಣಿಕಟ್ಟು ಹಿಡಿದು ಬಳೆಗಳನ್ನು ಮೊಣಕೈವರೆಗೂ ಸರಿಸಿ ನೋಡಿದಳು. ಬಳೆಗಳು ಸಲೀಸಾಗಿ ಮೇಲಕ್ಕೆ ಹೋದವು.

"ಅಮ್ಮಾಯಿ," ಎಂದಳು ಮೆಲ್ಲಗೆ, "ಬಂಗಾರಪೇಟೇಲಿ ಏನೇನೋ ಕೇಳ್ದೆ. ನಮ್ಮುಡುಗಿ ಒಂದೊತ್ತು ಅಸಿದೋಳಲ್ಲ. ನಿಜ ಏಳು. ನಿಮ್ಮತ್ತೆ ಒಟ್ಟೆಗೆ ಇಕ್ತಾಳಾ ಇಲ್ವಾ?"

ಪಾಪಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು. ಅವಳ ಸೀರೆಯ ಅಂಚು ಸುಮಲತಳಿಗೆ ಕಾಣುತ್ತಿತ್ತು. ಇಲ್ಲ ಅಂದರೆ ಮದುವೆ ಮುರಿದು ಬೀಳುತ್ತದೆ. ಇಕ್ಕುತ್ತಾಳೆ ಅಂದರೆ ಇಷ್ಟು ತಿಂಗಳ ಹಸಿವು ನೀರುಪಾಲು. ಗೋಪಿಯ ಮುಖ ನೆನಪಾಯಿತು, ನೋಯಿಸುವಂಥದ್ದೇನನ್ನೂ ಅವನು ಯಾವತ್ತೂ ಆಡಿದವನಲ್ಲ. ಆದರೂ ಅವಳು ತಕ್ಷಣ ಬಾಯಿ ಬಿಡಲಿಲ್ಲ. ಬಾಗಿಲ ಹಿಂದಿನ ಅಂಚು ನಡುಗುವುದನ್ನು ಕಣ್ತುಂಬ ನೋಡಿದಳು.

"ಇಕ್ತಾರಜ್ಜಿ," ಎಂದಳು ಕೊನೆಗೆ. "ಇಕ್ಕಿದ್ದನ್ನ ಆಮೇಲೆ ಜನರ ಮುಂದೆ ಆಡ್ತಾರೆ. ಅದ್ಕೇ ನಾನು ಉಣ್ಣೋದು ಬಿಟ್ಟೆ."

ವೆಂಕಟರತ್ನಮ್ಮ ಬಳೆಗಳನ್ನು ಮತ್ತೆ ಮಣಿಕಟ್ಟಿಗೆ ಇಳಿಸಿದಳು. ಆಮೇಲೆ ಮಂಡಿಗೆ ಕೈ ಊರಿ ಎದ್ದು ನಡುಮನೆಗೆ ಬಂದಳು. ಗಂಡಸರು ಹೊಲದಿಂದ ಬಂದು ಚಾಪೆಯ ಮೇಲೆ ಕೂತಿದ್ದರು.

"ಉಡುಗ ಚೆಂದಾಗವ್ನೆ, ಮನೇನೂ ಚೆಂದಾಗೈತೆ," ಎಂದಳು ಎಲ್ಲರಿಗೂ ಕೇಳುವಂತೆ. "ಎಣ್ಣು ಕೊಡ್ತೀವಿ. ಒಂದೇ ಮಾತು. ದಿನಸಿ ದುಡ್ಡು, ಅಡುಗೆಮನೆ, ಇಕ್ಕೋ ಕೈ, ಮೂರೂ ಈ ದೊಡ್ಡ ಸೊಸೇದಾಗ್ಬೇಕು. ಪಾಪಕ್ಕ ಇಕ್ಕೋ ಅನ್ನಕ್ಕೆ ನಮ್ಮುಡುಗೀನ ಕಳಿಸಲ್ಲ. ತಪ್ಪು ತಿಳೀಬೇಡ್ರಿ."

ಪಾಪಕ್ಕನ ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನರೇಶ ನೆಲ ನೋಡಿದ. ಈ ಸಲ ಅವನ ಮೀಸೆಯ ಕೆಳಗೆ ಏನೂ ಇರಲಿಲ್ಲ. ಗೋಪಿ ಅಮ್ಮನನ್ನೇ ನೋಡುತ್ತಿದ್ದ. ಪಾಪಕ್ಕ ಒಂದು ಸಲ ಗಂಡನ ಕಡೆ ತಿರುಗಿದಳು, ಅವರು ಕೆಮ್ಮಿ ಬೇರೆ ಕಡೆ ನೋಡಿದರು.

"ಆಗ್ಲಿ," ಎಂದಳು ಪಾಪಕ್ಕ. ಅಜ್ಜಿಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಬೇಕಾಯಿತು. ಸೊಂಟದ ಚೀಲದಿಂದ ದಿನಸಿ ದುಡ್ಡು ತೆಗೆದು ಎಲ್ಲರೆದುರು ಸೊಸೆಯ ಕೈಗಿಟ್ಟಳು. ಸುಮಲತ ಎರಡೂ ಕೈ ಚಾಚಿ ಭಕ್ತಿಯಿಂದ ತೆಗೆದುಕೊಂಡು, ಬಗ್ಗಿ ಅತ್ತೆಯ ಕಾಲಿಗೆ ನಮಸ್ಕಾರವನ್ನೂ ಮಾಡಿದಳು. ಅಷ್ಟು ಚೆಂದದ ನಮಸ್ಕಾರವನ್ನು ಅವಳು ತನ್ನ ಮದುವೆಯಲ್ಲೂ ಮಾಡಿರಲಿಲ್ಲ.

ಮಾಘದಲ್ಲಿ ಮದುವೆಯಾಯಿತು, ಲಿಖಿತ ಬಂದಳು. ಅಡುಗೆಮನೆಯಲ್ಲಿ ಸುಮಲತಳದೇ ರಾಜ್ಯ. ಬಸ್ಸಾರು, ಮಸ್ಸೊಪ್ಪು, ಹುರುಳಿ ಕಟ್ಟು, ಮೊಳಕೆ ಕಾಳು. ಅಕ್ಕಿ ಎಣ್ಣೆಗೆ ಹೋಗುತ್ತಿದ್ದ ದುಡ್ಡಿನಲ್ಲಿ ಮಕ್ಕಳಿಗೆ ಮೊಟ್ಟೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಪಾಪಕ್ಕ ಎದುರಾಡಲಿಲ್ಲ, ಬಡಿಸಿದ್ದರಲ್ಲಿ ಅರ್ಧ ಉಂಡು ಸಾಕು ಅನ್ನುತ್ತಿದ್ದಳು. ಮುದುಕಿ ಸೋತಳು ಎಂದುಕೊಂಡಳು ಸುಮಲತ. ಗೆದ್ದವರಿಗೆ ಕಣ್ಣು ಸ್ವಲ್ಪ ಮಂಜಾಗುತ್ತದೆ.

ಬೇಸಿಗೆಯಲ್ಲಿ ಒಂದು ದಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ ಸೆಕ್ರೆಟರಿ ವೆಂಕಟೇಶಪ್ಪ ಅಳತೆ ನಿಲ್ಲಿಸಿ ಅವಳ ಮುಖ ನೋಡಿದ.

"ಒಂದು ಮಾತು ಏಳ್ತೀನಿ, ಬೇಜಾರ್ ಮಾಡ್ಕೋಬೇಡಮ್ಮ. ವಯಸ್ಸಾದ ಜೀವ. ನಿಮ್ಮತ್ತೆ ಕಡ್ಡಿ ಆಗೋಗವ್ರೆ. ದುಡ್ಡು ಕೈಗೆ ಬಂತು ಅಂತ ಇಂಗಾ ಮಾಡೋದು?"

ಹಿಂದೆ ಸಾಲಿನಲ್ಲಿದ್ದ ರಾಧ ಬೇಕೆಂದೇ ಬೇರೆ ಕಡೆ ತಿರುಗಿಕೊಂಡಳು. ವೆಂಕಟೇಶಪ್ಪ ಹೇಳಿದ ಹಾಗೆ, ನಿನ್ನೆ ಪಾಪಕ್ಕ ಡೈರಿಯ ಇದೇ ಕಟ್ಟೆಯ ಮೇಲೆ ಕೂತಿದ್ದಳಂತೆ. ಸೊಸೆ ಅನ್ನ ಹಾಕುತ್ತಾಳಾ ಅಂತ ಯಾರೋ ಕೇಳಿದರೆ ನೆಲ ನೋಡಿದಳಂತೆ.

ಮನೆಗೆ ಬಂದಾಗ ಪಾಪಕ್ಕ ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ರವಿಕೆಯ ತೋಳು ಭುಜದಿಂದ ಜಾರಿತ್ತು.

"ಬೇಕಂತ್ಲೇ ಮಾಡ್ತಿದೀರಲ್ಲತ್ತೆ," ಎಂದಳು ಸುಮಲತ.

"ನಾನೇನ್ ಮಾಡ್ದೆ? ನೀನು ಮಾಡಿಕ್ಕಿದ್ದನ್ನೇ ಉಣ್ತಾ ಇದೀನಿ. ಸುಳ್ಳೇಳ್ಬಾರ್ದು, ಮೈ ಅಗುರಾಗೈತೆ, ಮಂಡಿ ನೋವು ಓಗೇ ಓಯ್ತು." ಪಾಪಕ್ಕ ಒಂದು ಕಡ್ಡಿ ಮುರಿದು ಪಕ್ಕಕ್ಕೆ ಹಾಕಿದಳು. "ಜನ ಏನಾರ ಅಂದ್ಕಂಡ್ರೆ ಅದ್ಕೆ ನಾನೇನ್ ಮಾಡ್ಲವ್ವ? ನಿನ್ನೆ ಲಿಖಿತನ ಅಜ್ಜೀನೂ ಫೋನ್ ಮಾಡಿ ಕೇಳಿದ್ಲು, ಏನು ಇಂಗಾಗಿದೀಯಂತಲ್ಲ ಅಂತ. ಚೆನ್ನಾಗಿದೀನಮ್ಮ ಅಂದೆ."

"ಅಷ್ಟೇ ಅಂದ್ರಾ?"

"ಅಷ್ಟೇ. ಸ್ವಲ್ಪ ತಡ್ದು ಅಂದೆ."

ಅದರಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಸುಮಲತ ಅತ್ತೆಯನ್ನು ದಿಟ್ಟಿಸಿದಳು, ಅತ್ತೆ ಸೊಸೆಯನ್ನು ದಿಟ್ಟಿಸಿದಳು. ಆ ಮನೆಯಲ್ಲಿ ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡವರು ಅವರಿಬ್ಬರೇ ಇದ್ದರು. ಒಳಗೆ ಲಿಖಿತ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದಳು.

ಸುಮಲತ ಅಡುಗೆಮನೆಗೆ ಹೋದಳು. ಎದೆಯಲ್ಲಿ ಹಳೆಯ ಉರಿ ಹೊಸದಾಗಿ ಹತ್ತಿಕೊಂಡಿತ್ತು, ಅದರಿಂದ ಅವಳಿಗೆ ಒಂಥರಾ ಹುರುಪೂ ಬಂದಿತ್ತು. ಪಲ್ಯಕ್ಕೆಂದು ನೆನೆಹಾಕಿದ್ದ ಕಡಲೆಬೇಳೆ ತೆಗೆದಳು, ಈರುಳ್ಳಿ ಹೆಚ್ಚಿದಳು, ಬೇಳೆಯನ್ನು ತರಿತರಿಯಾಗಿ ರುಬ್ಬಿ ಸಬ್ಬಸಿಗೆ ಸೊಪ್ಪು ಕಲಸಿದಳು. ಮೂಲೆಯಲ್ಲಿದ್ದ ದೊಡ್ಡ ಬಾಣಲೆಯನ್ನು ಒಲೆಗೇರಿಸಿ, ಅತ್ತೆಯ ರವಿಕೆ ಮತ್ತೆ ಬಿಗಿಯಾಗಲಿ ಎಂದುಕೊಂಡು, ತಿಂಗಳ ಎಣ್ಣೆಯನ್ನೆಲ್ಲ ಸುರಿದಳು. ಮೊದಲ ವಡೆ ಎಣ್ಣೆಗೆ ಬಿದ್ದು ಘಮ ಜಗುಲಿಗೆ ಹೋಗುತ್ತಲೇ ಅಲ್ಲಿ ಸೊಪ್ಪು ಬಿಡಿಸುವ ಸದ್ದು ನಿಂತಿತು. ಪಾಪಕ್ಕನಿಗೆ ವಡೆ ಅಂದರೆ ಪ್ರಾಣ.