ಸುಮ್ಮನಿರುವುದನ್ನು ಕಲಿಸಿದ್ದು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಆಸ್ಪತ್ರೆಗೆ ಗೊತ್ತು. ಡಾಕ್ಟರೇಟ್ ಮಾಡುತ್ತ ನಮ್ಮ ಮನಶ್ಶಾಸ್ತ್ರ ವಿಭಾಗಕ್ಕೆ ಒಂದು ವರ್ಷದ ತರಬೇತಿಗೆ ಬರುವ ಇಂಟರ್ನ್‌ಗಳು ನನಗೆ ‘ಗಾಜಿನತ್ತೆ’ ಎಂದು ಹೆಸರಿಟ್ಟಿದ್ದಾರೆ. ಅವರು ರೋಗಿಯ ಜೊತೆ ಮಾತಾಡುವಾಗ ನಾನು ಪಕ್ಕದ ಕತ್ತಲೆ ಕೋಣೆಯಲ್ಲಿ ಗಾಜಿನ ಹಿಂದೆ ಕೂತಿರುತ್ತೇನೆ. ನನಗೆ ಅವರು ಕಾಣುತ್ತಾರೆ, ಅವರಿಗೆ ನಾನು ಕಾಣುವುದಿಲ್ಲ. ಕೈಯಳತೆಯಲ್ಲಿ ಒಂದು ಫೋನ್ ಇರುತ್ತದೆ. ನಾನು ಎತ್ತಿದರೆ ಆ ಕೋಣೆಯಲ್ಲಿ ರಿಂಗಾಗುತ್ತದೆ, ಅಲ್ಲಿದ್ದವರ ಮುಖ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಳ್ಳಲಿ ಬಿಡಿ. ಅತ್ತೆ ಅನ್ನಿಸಿಕೊಂಡ ಮೇಲೆ ಅಷ್ಟಾದರೂ ಬೇಡವೇ.

ಈ ವರ್ಷ ಬಂದವಳಿಗೆ ನಾನೇ ‘ರೇಡಿಯೋ’ ಎಂದು ಹೆಸರಿಟ್ಟೆ. ಒಳ್ಳೆಯ ಹುಡುಗಿ, ಚೆನ್ನಾಗಿ ಓದಿಕೊಂಡವಳು. ಆದರೆ ಎದುರಿಗೆ ಕೂತವರ ಕಣ್ಣು ತುಂಬಿದರೆ ಸಾಕು, ಸಮಾಧಾನ ಶುರು ಮಾಡುತ್ತಿದ್ದಳು. ಪಾಪ, ಅವರು ಕಣ್ಣೀರನ್ನು ನುಂಗಿಕೊಂಡು ಇವಳ ಮಾತು ಕೇಳಬೇಕಿತ್ತು. ಅರ್ಧ ವರ್ಷದ ಪರೀಕ್ಷೆಯಲ್ಲಿ ಅವಳನ್ನು ಫೇಲ್ ಮಾಡಿದೆ. ಇನ್ನೊಮ್ಮೆ ಹಾಗಾದರೆ ವರ್ಷವೇ ನೀರುಪಾಲು.

“ಸುಮ್ನೆ ಕೂತ್ಕೊಳ್ಳೋದು ಕಲಿ,” ಎಂದು ಬೈದಿದ್ದೆ. “ಅವರು ಏನಾದ್ರೂ ಭಾರವಾದದ್ದು ಹೇಳಿದಾಗ ನಡುವೆ ಬಾಯಿ ಹಾಕ್ಬೇಡ. ಮಿಕ್ಕಿದ್ದು ತಾನಾಗೇ ಬರುತ್ತೆ.”

“ಸುಮ್ನಿದ್ರೆ ನಂಗೆ ಹೊಟ್ಟೇಲಿ ಏನೋ ಸಂಕಟ ಆಗುತ್ತೆ ಮೇಡಂ.”

“ಆಗ್ಲಿ. ನಿನ್ನ ಹೊಟ್ಟೆ ಸಂಕಟಕ್ಕೆ ಔಷಧಿ ಕೊಡೋಕೆ ಅವರು ಬರಲ್ಲ.”

ಅವತ್ತು ಅವಳ ಮುಂದೆ ಕೂತಿದ್ದಾತ ಲಿಫ್ಟ್ ರಿಪೇರಿ ಮಾಡುವವರು. ನಮ್ಮ ಕಟ್ಟಡದ ಲಿಫ್ಟ್ ಕೂಡ ಅವರದೇ ಉಸ್ತುವಾರಿ. ಗಾಜಿನ ಹಿಂದೆ ಒಬ್ಬರು ಇರುತ್ತಾರೆ ಎಂದು ಮೊದಲೇ ಹೇಳಿದ್ದೆವು, ಅವರೂ ಆಗಲಿ ಎಂದಿದ್ದರು. ಬೆಳಿಗ್ಗೆ ರೇಡಿಯೋ ಅವರ ಕಥೆಯನ್ನು ನನಗೆ ಒಪ್ಪಿಸಿದ್ದಳು. ಮಗನಿಗೆ ಜ್ವರ ಏರಿದಾಗ ‘ಬೆಳಿಗ್ಗೆ ನೋಡೋಣ ಬಿಡು’ ಅಂದಿದ್ದರಂತೆ. ಬೆಳಗಾಗುವಷ್ಟರಲ್ಲಿ ಮಗು ಹೋಗಿತ್ತು. ಅಂದಿನಿಂದ ಹೆಂಡತಿ ಅವರ ಜೊತೆ ಒಂದು ಮಾತೂ ಆಡಿಲ್ಲ. ತಟ್ಟೆ ತಂದಿಟ್ಟು ಒಳಗೆ ಹೋಗುತ್ತಾಳೆ, ಅಷ್ಟೇ.

“ಸರಿ, ಇವತ್ತಾದ್ರೂ ಬಾಯಿ ಬಿಗಿಹಿಡಿ,” ಎಂದೆ. ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆತ ಬಂದು ಕೂತರು. ಕೆಲಸದ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು. ನೆಲ ನೋಡುತ್ತಲೇ ಹೇಳಿದರು, “ಇನ್ನು ಸಾಕು ಅನ್ನಿಸಿದೆ ಮೇಡಂ. ಇವತ್ತಿಗೆ ಎಲ್ಲಾ ಮುಗಿಸಿಬಿಡ್ತೀನಿ.”

ಇಂಥ ಮಾತು ಬಂದರೆ ಹಿಂದೆಮುಂದೆ ನೋಡದೆ ನೇರವಾಗಿ ಕೇಳಬೇಕು: ಸಾಯುವ ಯೋಚನೆ ಇದೆಯಾ ಎಂದು. ಮೊದಲ ವಾರವೇ ಕಲಿಸುವ ಪಾಠ. ರೇಡಿಯೋ ಬಾಯಿ ತೆರೆದಳು. ಗಾಜಿನ ಕಡೆ ಕಣ್ಣು ಹಾಯಿಸಿದಳು. ಬಾಯಿ ಮುಚ್ಚಿಕೊಂಡಳು.

ಮಡಿಲಲ್ಲಿಟ್ಟ ಕೈ ಅಲುಗಾಡದಂತೆ, ಮುಖದಲ್ಲಿ ಕರುಣೆ ತುಂಬಿಕೊಂಡು, ನಾನು ಕಲಿಸಿದ ಹಾಗೇ ಕೂತಳು. ನಾನು ಆಗಲೇ ಫೋನ್ ಎತ್ತಬೇಕಿತ್ತು. ಎತ್ತಲಿಲ್ಲ, ಯಾಕೆಂದರೆ ನನಗೆ ಖುಷಿಯಾಗಿತ್ತು. ಅಬ್ಬಾ, ಕೊನೆಗೂ ಕಲಿತಳಲ್ಲ ಎಂದು ಹಿಗ್ಗುತ್ತ ಕುರ್ಚಿಗೆ ಒರಗಿಕೊಂಡೆ. ಆತ ಅವಳ ಮುಖವನ್ನೇ ನೋಡುತ್ತಿದ್ದರು. ಒಂದು ಸಲ ತಲೆಯಾಡಿಸಿದರು, “ಸರಿ ಮೇಡಂ,” ಎಂದು ಎದ್ದು ಬಾಗಿಲು ತೆರೆದುಕೊಂಡು ಹೊರಟುಹೋದರು.

ಬೆಳಿಗ್ಗೆ ಕಿವಿಗೆ ಬಿದ್ದದ್ದು ಆಗ ನನ್ನ ತಲೆಗೆ ಹೋಯಿತು.

ಕಾರಿಡಾರಿಗೆ ಓಡಿದೆ. ರೇಡಿಯೋ ಆಗಲೇ ಲಿಫ್ಟಿನ ಮುಂದೆ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲ ಮೇಲಿನ ಕೆಂಪು ಅಂಕಿಗಳು ಏರುತ್ತಿದ್ದವು. ಮನೆಗೆ ಹೋಗುವವರು ಕೆಳಗೆ ಹೋಗಬೇಕಲ್ಲವೇ. ಮೇಲೆ ಇರುವುದು ತಾರಸಿ, ಲಿಫ್ಟಿನ ಮೋಟಾರು ಕೋಣೆ. ಅಲ್ಲಿನ ಬೀಗದ ಕೈ ಆತನ ಹತ್ತಿರವೇ ಇರುತ್ತದೆ.

“ಸೆಕ್ಯುರಿಟಿಗೆ ಹೇಳಿ ಮೇಡಂ,” ಎಂದವಳೇ ಮೆಟ್ಟಿಲು ಹತ್ತಿ ಓಡಿದಳು. ಫೋನಿನಲ್ಲಿ ಕಿರುಚುತ್ತ ನಾನೂ ಹತ್ತಿದೆ. ನನ್ನ ಹಾಳು ಮಂಡಿ ಪ್ರತಿ ತಿರುವಿನಲ್ಲೂ ಕೈಕೊಟ್ಟಿತು. ಕಂಬಿ ಹಿಡಿದು ಹಿಡಿದು ಹತ್ತಿದೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ. ನನ್ನನ್ನೇ ಶಪಿಸಿಕೊಂಡೆ.

ತಾರಸಿಯ ಬಾಗಿಲು ದಾಟುವ ಮೊದಲೇ ಅವಳ ದನಿ ಕೇಳಿಸಿತು. ಎಡೆಬಿಡದೆ ಮಾತಾಡುತ್ತಿದ್ದಳು. ಜೀವ ಬಂದಂತಾಯಿತು.

ಇಬ್ಬರೂ ಮೋಟಾರು ಕೋಣೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಆತನ ಬೀಗದ ಕೈ ಗೊಂಚಲು ಅವಳ ಮುಷ್ಟಿಯಲ್ಲಿತ್ತು. “ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪು ನಂದೇ,” ಎನ್ನುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತ. “ಸಾಯೋಕೇ ಬಂದಿದ್ರಿ ಅಲ್ವಾ ಇಲ್ಲಿಗೆ? ಈಗ್ಲೂ ಹಾಗೇ ಅನ್ನಿಸ್ತಿದೆಯಾ?”

“ಹೌದು,” ಎಂದರು ಆತ. “ಈಗ ಸ್ವಲ್ಪ ಕಮ್ಮಿ.”

ನನ್ನ ಹೆಸರನ್ನು ಅವಳು ಎತ್ತಲಿಲ್ಲ. ಮೇಡಂ ಸುಮ್ಮನಿರಲು ಹೇಳಿದ್ದರು ಎಂದು ಒಂದೇ ಮಾತು ಹೇಳಿದ್ದರೂ ಸಾಕಿತ್ತು, ನಾನು ತಲೆ ತಗ್ಗಿಸುತ್ತಿದ್ದೆ. ಹೇಳಲಿಲ್ಲವಲ್ಲ, ಅದೇ ನನ್ನನ್ನು ಇನ್ನಷ್ಟು ಸುಟ್ಟಿತು.

“ತಪ್ಪು ಅವಳದಲ್ಲ,” ಎಂದೆ. “ಸುಮ್ನಿರು ಅಂತ ನಾನೇ ಹೇಳಿದ್ದು.”

ಆತ ತಲೆಯೆತ್ತಿ ನೋಡಿದರು. “ಗಾಜಿನ ಆ ಕಡೆ ಇದ್ದೋರು ನೀವಾ?”

“ಹೌದು.”

“ಅಲ್ಲಿಗೆ ನಾನು ಹೇಳಿದ್ದು ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು.”

ಸಿಟ್ಟಿರಲಿಲ್ಲ ಆ ಮುಖದಲ್ಲಿ. ಕೆಟ್ಟುಹೋದ ಯಂತ್ರದ ದೋಷ ಎಲ್ಲಿದೆ ಎಂದು ವಿಚಾರಿಸುವವರಂತೆ ನನ್ನನ್ನು ನೋಡಿದರು.

“ನನ್ನ ಹತ್ರ ಮಾತು ಬೇಡ ಅನ್ನಿಸೋದು ನನ್ನ ಹೆಂಡ್ತಿಗೆ ಮಾತ್ರ ಅನ್ಕೊಂಡಿದ್ದೆ,” ಎಂದರು.